ಓದುಗರ ಪ್ರಶ್ನೆ: ಮನೆಯಲ್ಲೇ ಸೂಪರ್‌ಹೀರೋ ಹುಟ್ಟುಹಬ್ಬ

ಪ್ರಶ್ನೆ: ನನ್ನ ಮಗನಿಗೆ ಮುಂದಿನ ತಿಂಗಳು ಐದು ವರ್ಷ ತುಂಬುತ್ತದೆ. ಈ ಸಲದ ಹುಟ್ಟುಹಬ್ಬ ಸೂಪರ್‌ಹೀರೋಗಳದ್ದೇ ಆಗಬೇಕೆಂದು ಹಟ ಹಿಡಿದಿದ್ದಾನೆ. ಏಳೆಂಟು ಮಕ್ಕಳನ್ನು ಕರೆದು, ಉಡುಪು, ಅಲಂಕಾರ, ಆಟ ಎಲ್ಲವನ್ನೂ ಮನೆಯಲ್ಲೇ ಸಿದ್ಧಪಡಿಸಬೇಕೆಂಬುದು ನನ್ನ ಆಸೆ. ಆದರೆ ಅಮ್ಮ ಹೊಲಿದ ಉಡುಪು ಸುಳ್ಳಿನದು, ಅಂಗಡಿಯದೇ ನಿಜವಾದದ್ದು ಎನ್ನುತ್ತಾನೆ ಅವನು. ಹೊಲಿಗೆಯಲ್ಲಿ ನನ್ನ ಕೈ ಅಷ್ಟೇನೂ ಪಳಗಿಲ್ಲ. ಎಲ್ಲಿಂದ ಆರಂಭಿಸಲಿ?
— ಒಬ್ಬ ತಾಯಿ

ಉತ್ತರ: ಮೊದಲು ಮಗನ ಆಕ್ಷೇಪಣೆಗೆ ಉತ್ತರ ಹುಡುಕೋಣ, ಏಕೆಂದರೆ ಅವನು ಒಪ್ಪದಿದ್ದರೆ ಉಳಿದ ಸಿದ್ಧತೆಗಳಿಗೆ ಅರ್ಥವಿರುವುದಿಲ್ಲ. 1962ರಲ್ಲಿ ಮೊದಲ ಬಾರಿ ಕಾಮಿಕ್ಸ್ ಪುಟಗಳಲ್ಲಿ ಕಾಣಿಸಿಕೊಂಡ ಸ್ಪೈಡರ್‌ಮ್ಯಾನ್ ತನ್ನ ಉಡುಪನ್ನು ತಾನೇ ರೂಪಿಸಿ ಹೊಲಿದುಕೊಂಡ ಹುಡುಗ. 1938ರಿಂದ ಓದುಗರ ಮುಂದಿರುವ ಸೂಪರ್‌ಮ್ಯಾನ್‌ನ ಕಥೆಯ ಹಲವು ರೂಪಗಳಲ್ಲಿ, ಮಗುವಾಗಿದ್ದಾಗ ಅವನನ್ನು ಸುತ್ತಿದ್ದ ಹೊದಿಕೆಗಳಿಂದಲೇ ಸಾಕುತಾಯಿ ಅವನಿಗೆ ಉಡುಪು ಹೊಲಿದುಕೊಡುತ್ತಾಳೆ. ಇದನ್ನು ಮಲಗುವ ಹೊತ್ತಿನಲ್ಲಿ ಕಥೆಯಾಗಿ ಹೇಳಿ. ಅಮ್ಮ ಹೊಲಿದದ್ದು ಸುಳ್ಳಿನದಲ್ಲ, ಸೂಪರ್‌ಹೀರೋಗಳ ಮನೆಯಲ್ಲೂ ಹಾಗೆಯೇ ನಡೆಯಿತು ಎಂಬುದು ಐದು ವರ್ಷದ ಮಗುವಿಗೆ ಸುಲಭವಾಗಿ ಅರ್ಥವಾಗುತ್ತದೆ.

ನನ್ನ ಮುಖ್ಯ ಸಲಹೆ ಇದಕ್ಕೂ ಒಂದು ಹೆಜ್ಜೆ ಮುಂದಿನದು. ಈಗಾಗಲೇ ಇರುವ ಯಾವ ನಾಯಕನನ್ನೂ ನಕಲು ಮಾಡಬೇಡಿ. ಪ್ರತಿ ಮಗುವೂ ತನ್ನದೇ ನಾಯಕನನ್ನು ಕಟ್ಟಿಕೊಳ್ಳಲಿ. ನಕಲು ಮಾಡಲು ಹೊರಟರೆ ಮನೆಯ ಉಡುಪನ್ನು ಅಂಗಡಿಯ ಉಡುಪಿನೊಂದಿಗೆ ಹೋಲಿಸುವುದು ತಪ್ಪುವುದಿಲ್ಲ, ಆ ಹೋಲಿಕೆಯಲ್ಲಿ ಮನೆಯದು ಸೋಲುತ್ತದೆ. ಮಗು ತಾನೇ ಹುಟ್ಟಿಸಿದ ನಾಯಕನಿಗಾದರೋ ಹೋಲಿಸಲು ಬೇರೊಂದು ಮಾದರಿಯೇ ಇರುವುದಿಲ್ಲ. ನಿನ್ನ ನಾಯಕನ ಹೆಸರೇನು, ಅವನು ಯಾರಿಗೆ ಸಹಾಯ ಮಾಡುತ್ತಾನೆ, ಅವನ ಎದೆಯ ಮೇಲೆ ಯಾವ ಚಿಹ್ನೆ ಇದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಮಗ ಹೇಳಿದ್ದನ್ನು ತಿದ್ದದೆ ಬರೆದುಕೊಳ್ಳಿ. ಕಳೆದುಹೋದ ಚಪ್ಪಲಿ ಹುಡುಕುವ ಶಕ್ತಿ, ಅಳುವ ತಂಗಿಯನ್ನು ನಗಿಸುವ ಶಕ್ತಿ ಮುಂತಾದ, ದೊಡ್ಡವರಿಗೆ ಎಂದೂ ಹೊಳೆಯದ ಉತ್ತರಗಳು ಬಂದಾವು. ಅವನು ಕೇಳುವ ಬಣ್ಣ ನಾಯಕನಿಗೆ ಒಪ್ಪುವುದಿಲ್ಲವೆಂದು ನಿಮಗೆ ತೋರಿದರೂ ಅದನ್ನೇ ಬಳಸಿ. ಹಸಿರು ಮೈಯವನೆಂದೇ ಎಲ್ಲರೂ ಬಲ್ಲ ಹಲ್ಕ್ 1962ರ ಮೊದಲ ಸಂಚಿಕೆಯಲ್ಲಿ ಬೂದು ಬಣ್ಣದವನಾಗಿದ್ದ. ಆ ಬಣ್ಣ ಮುದ್ರಣದಲ್ಲಿ ಒಂದೇ ಸಮನಾಗಿ ಬರಲಿಲ್ಲವೆಂಬ ಕಾರಣಕ್ಕೆ ಎರಡನೆಯ ಸಂಚಿಕೆಯಿಂದ ಹಸಿರಾದ.

ಉಡುಪೆಂದರೆ ಮೈತುಂಬ ಹೊಲಿಯಬೇಕಾಗಿಲ್ಲ. ಬೆನ್ನ ಮೇಲೊಂದು ಕೇಪ್, ಕಣ್ಣಿಗೊಂದು ಪಟ್ಟಿ, ಮುಂಗೈಗೆ ಒಂದು ಜೊತೆ ಕಾಪು ಸಾಕು. ಫೆಲ್ಟ್ ಬಟ್ಟೆಯನ್ನಾಗಲಿ ಹಳೆಯ ಟೀ ಶರ್ಟಿನ ಹೆಣಿಗೆಯ ಬಟ್ಟೆಯನ್ನಾಗಲಿ ಕತ್ತರಿಸಿದರೆ ಅಂಚಿನಿಂದ ನೂಲು ಬಿಡುವುದಿಲ್ಲವಾದ್ದರಿಂದ ಅಂಚು ಮಡಚಿ ಹೊಲಿಯುವ ಕೆಲಸವೇ ಇರುವುದಿಲ್ಲ. ಕೇಪಿನ ಮೇಲ್ಭಾಗ 35 ಸೆಂಟಿಮೀಟರ್, ಕೆಳಭಾಗ 55 ಸೆಂಟಿಮೀಟರ್ ಅಗಲ ಮತ್ತು 50 ಸೆಂಟಿಮೀಟರ್ ಉದ್ದವಿದ್ದರೆ ಈ ವಯಸ್ಸಿನವರಿಗೆ ಸರಿಹೋಗುತ್ತದೆ. ಒಂದನ್ನು ನೇರವಾಗಿ, ಪಕ್ಕದ್ದನ್ನು ತಲೆಕೆಳಗಾಗಿ ಗುರುತು ಹಾಕಿಕೊಂಡರೆ 110 ಸೆಂಟಿಮೀಟರ್ ಅಗಲದ ಬಟ್ಟೆಯಲ್ಲಿ ಒಂದು ಮೀಟರಿಗೆ ನಾಲ್ಕು ಕೇಪ್ ಸಿಗುತ್ತವೆ. ಮೊಣಕಾಲಿಗಿಂತ ಕೆಳಗೆ ಇಳಿದ ಕೇಪ್ ಓಡುವ ಮಗುವಿನ ಕಾಲಿಗೆ ತೊಡರುತ್ತದೆ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ರಾಜಿ ಮಾಡಿಕೊಳ್ಳಬೇಡಿ. ಕೇಪನ್ನು ದಾರದಿಂದಾಗಲಿ ರಿಬ್ಬನ್ನಿನಿಂದಾಗಲಿ ಕುತ್ತಿಗೆಗೆ ಗಂಟು ಹಾಕಿ ಕಟ್ಟಬಾರದು. ಅದರ ತುದಿ ಬಾಗಿಲ ಹಿಡಿಕೆಗೋ ಜಾರುಬಂಡೆಗೋ ಸಿಕ್ಕಿಕೊಂಡರೆ ಗಂಟು ಬಿಚ್ಚಿಕೊಳ್ಳುವುದಿಲ್ಲ, ಉಸಿರು ಕಟ್ಟುತ್ತದೆ. ಮೇಲಿನ ಎರಡು ಮೂಲೆಗಳಿಗೆ ಅಂಗೈ ಉದ್ದದ ಎರಡು ಪಟ್ಟಿಗಳನ್ನು ಹೊಲಿದು, ತುದಿಗಳಿಗೆ ಎರಡು ಸೆಂಟಿಮೀಟರಿನಷ್ಟೇ ವೆಲ್ಕ್ರೋ ಜೋಡಿಸಿ. ಎಳೆದೊಡನೆ ಅದು ತಾನಾಗಿ ಬಿಟ್ಟುಕೊಳ್ಳಬೇಕು. ಹೊಲಿದ ಮೇಲೆ ಪ್ರತಿಯೊಂದನ್ನೂ ನಿಮ್ಮ ಕೈಯಿಂದ ಹಿಂದಕ್ಕೆ ಎಳೆದು ಪರೀಕ್ಷಿಸಿ. ಮೇಣದ ಬತ್ತಿ ಹಚ್ಚುವ ಮುನ್ನ ಎಲ್ಲರ ಕೇಪುಗಳನ್ನೂ ಬಿಚ್ಚಿಸಿಡಿ, ಏಕೆಂದರೆ ಕೃತಕ ನೂಲಿನ ಬಟ್ಟೆ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಕಣ್ಣಿನ ಪಟ್ಟಿಯನ್ನು ಫೆಲ್ಟ್‌ನಲ್ಲಿ ಕತ್ತರಿಸಿ, ಕಣ್ಣಿನ ತೂತುಗಳು ಅಕ್ಕಪಕ್ಕವೂ ಕಾಣುವಷ್ಟು ದೊಡ್ಡದಾಗಿರಲಿ. ಮುಖಕ್ಕೆ ಏನನ್ನೂ ಕಟ್ಟಿಸಿಕೊಳ್ಳದ ಮಕ್ಕಳು ಇದ್ದೇ ಇರುತ್ತಾರೆ. ಅವರನ್ನು ಒತ್ತಾಯಿಸದೆ, ಕಡ್ಡಿಗೆ ಅಂಟಿಸಿದ ಪಟ್ಟಿಯನ್ನು ಕೈಯಲ್ಲಿ ಹಿಡಿಯಲು ಕೊಡಿ. ಟಿಶ್ಯೂ ರೋಲಿನ ರಟ್ಟಿನ ಕೊಳವೆಯನ್ನು ಉದ್ದಕ್ಕೆ ಸೀಳಿ ಬಣ್ಣ ಬಳಿದರೆ ಮುಂಗೈ ಕಾಪು ಸಿದ್ಧ.

ಚಿಹ್ನೆಗಳನ್ನು ನೀವೇ ಅಂಟಿಸಿಡಬೇಡಿ. ಅತಿಥಿಗಳು ಒಬ್ಬೊಬ್ಬರಾಗಿ ಬರುವ ಮೊದಲ ಇಪ್ಪತ್ತು ನಿಮಿಷ ಯಾವ ಆಟವನ್ನೂ ಶುರುಮಾಡಲು ಆಗುವುದಿಲ್ಲ, ಮಕ್ಕಳೂ ಸಂಕೋಚದಲ್ಲಿರುತ್ತಾರೆ. ಆ ಹೊತ್ತಿನಲ್ಲಿ ಖಾಲಿ ಕೇಪು, ಕತ್ತರಿಸಿಟ್ಟ ನಕ್ಷತ್ರ, ಮಿಂಚು, ಎಲೆ, ಅಕ್ಷರಗಳು ಮತ್ತು ಅಂಟನ್ನು ಮುಂದಿಟ್ಟರೆ ಕೈಗೆ ಕೆಲಸ ಸಿಗುತ್ತದೆ, ಮಾತೂ ಹುಟ್ಟುತ್ತದೆ. ಹೊರಡುವಾಗ ಅದೇ ಕೇಪು ಉಡುಗೊರೆಯಾಗಿ ಅವರ ಜೊತೆ ಹೋಗಲಿ. ಇಡೀ ಕಾರ್ಯಕ್ರಮ ಒಂದೂವರೆ ಗಂಟೆ, ಹೆಚ್ಚೆಂದರೆ ಎರಡು ಗಂಟೆ ಇರಲಿ. ಅದಕ್ಕಿಂತ ಹೆಚ್ಚು ಉತ್ಸಾಹವನ್ನು ಐದು ವರ್ಷದವರು ಅಳುವಿಲ್ಲದೆ ತಾಳಲಾರರು.

ಪ್ರಶ್ನೆ: ನಮ್ಮ ಮಗಳ ಆರನೆಯ ಹುಟ್ಟುಹಬ್ಬಕ್ಕೂ ಇದೇ ವಿಷಯವನ್ನು ಆರಿಸಿದ್ದೇವೆ. ಸೂಪರ್‌ಹೀರೋ ಆಟವೆಂದರೆ ಮಕ್ಕಳು ಐದೇ ನಿಮಿಷದಲ್ಲಿ ಒದೆಯುವುದಕ್ಕೆ, ಗುದ್ದುವುದಕ್ಕೆ ಇಳಿಯುತ್ತಾರೆ. ಇದನ್ನು ತಪ್ಪಿಸುವುದು ಹೇಗೆ?
— ಒಬ್ಬ ತಂದೆ

ಉತ್ತರ: ಖಳನಾಯಕನನ್ನು ಕಥೆಯಿಂದಲೇ ತೆಗೆದುಹಾಕಿ. ಮಗುವೊಂದು ಖಳನ ಪಾತ್ರ ವಹಿಸಿದ ಕ್ಷಣವೇ ಉಳಿದವರೆಲ್ಲರಿಗೂ ಅದನ್ನು ಹೊಡೆಯುವ ಅನುಮತಿ ಸಿಕ್ಕಂತಾಗುತ್ತದೆ. ಹೊಡೆಯಬೇಡಿ ಎಂದು ಆಮೇಲೆ ಕೂಗಿ ಪ್ರಯೋಜನವಿಲ್ಲ. ಖಳನ ಜಾಗದಲ್ಲಿ ಒಂದು ಸಂಕಟವನ್ನು ಇಡಿ. ಬಿರುಗಾಳಿ ಬೀಸಿ ಕಾಡಿನ ಪ್ರಾಣಿಗಳೆಲ್ಲ ಚೆಲ್ಲಾಪಿಲ್ಲಿಯಾಗಿವೆ, ಕತ್ತಲಾಗುವುದರೊಳಗೆ ಅವನ್ನು ಮನೆಗೆ ಸೇರಿಸಬೇಕು ಎಂದು ಹೇಳಿ ಆಟಿಕೆಯ ಪ್ರಾಣಿಗಳನ್ನು ಮನೆಯೆಲ್ಲ ಅಡಗಿಸಿಟ್ಟರೆ, ನಾಯಕರ ಶಕ್ತಿಯೆಲ್ಲ ಹುಡುಕಾಟಕ್ಕೆ ಹರಿಯುತ್ತದೆ.

ನನಗೆ ಬಹಳ ಮೆಚ್ಚುಗೆಯಾದದ್ದು ಮಂಜಿನಿಂದ ಬಿಡಿಸುವ ಆಟ. ಹಿಂದಿನ ರಾತ್ರಿ ಡಬ್ಬಿಗಳಲ್ಲಿ ನೀರು ತುಂಬಿ, ಒಂದೊಂದರಲ್ಲೂ ಒಂದು ಪ್ಲಾಸ್ಟಿಕ್ ಪ್ರಾಣಿಯನ್ನು ಮುಳುಗಿಸಿ ಫ್ರೀಜರಿನಲ್ಲಿಡಿ. ಆಟದ ಹೊತ್ತಿಗೆ ಇಬ್ಬಿಬ್ಬರಿಗೆ ಒಂದೊಂದು ಮಂಜುಗಡ್ಡೆ, ಉಗುರುಬೆಚ್ಚಗಿನ ನೀರು, ಚಮಚ ಮತ್ತು ಸ್ವಲ್ಪ ಉಪ್ಪು ಕೊಡಿ. ಉಪ್ಪು ಬಿದ್ದ ಕಡೆ ನೀರು ಹೆಪ್ಪುಗಟ್ಟುವ ಉಷ್ಣತೆ ಇಳಿಯುವುದರಿಂದ ಮಂಜು ಬೇಗ ಕರಗಿ ಗುಳಿ ಬೀಳುತ್ತದೆ, ಮಕ್ಕಳು ಅದನ್ನು ತಾವೇ ಕಂಡುಕೊಳ್ಳುತ್ತಾರೆ. ಕೂಗಾಡುತ್ತಿದ್ದ ಗುಂಪು ಈ ಆಟದಲ್ಲಿ ತಲೆ ತಗ್ಗಿಸಿ ಕೂರುತ್ತದೆ. ಹಾಗಾಗಿ ಓಡಾಟದ ಆಟ ಮುಗಿದ ಮೇಲೆ ಇದನ್ನಿಡಿ.

ಓಡಾಟಕ್ಕೆ ಒಂದು ತರಬೇತಿ ಹಾದಿ ಮಾಡಬಹುದು. ಅದಕ್ಕೆ ಹಜಾರದ ಎರಡು ಗೋಡೆಗಳ ನಡುವೆ ಬಣ್ಣದ ಕ್ರೇಪ್ ಕಾಗದದ ಪಟ್ಟಿಗಳನ್ನು ಓರೆಕೋರೆಯಾಗಿ ಅಂಟಿಸಿ, ತಾಗಿಸದೆ ನುಸುಳಿಕೊಂಡು ಬರುವಂತೆ ಹೇಳಿ. ನೂಲು ಅಥವಾ ಹಗ್ಗ ಬೇಡ. ಕಾಗದವಾದರೆ ಕುತ್ತಿಗೆಗೆ ತಗುಲಿದರೂ ಹರಿದುಹೋಗುತ್ತದೆ. ಕೇಪನ್ನು ಇಲ್ಲಿಯೂ ಬಿಚ್ಚಿಡುವುದು ಒಳ್ಳೆಯದು. ಸೋತವರು ಹೊರಗೆ ಕೂರಬೇಕೆಂಬ ನಿಯಮವನ್ನು ಯಾವ ಆಟದಲ್ಲೂ ತರಬೇಡಿ. ಹೊರಗೆ ಕುಳಿತ ಮಗುವಿಗೆ ಮಾಡಲು ಕೆಲಸವಿಲ್ಲದಿದ್ದಾಗಲೇ ಪಕ್ಕದವನನ್ನು ತಳ್ಳುವ ಮನಸ್ಸಾಗುತ್ತದೆ. ಇಷ್ಟಾದರೂ ಯಾರಾದರೂ ಗುದ್ದಾಡಿದರೆ ಬೈಯಬೇಡಿ. ಹತ್ತಿರ ಕರೆದು, ಇಗೋ ಈ ಕರಡಿಮರಿ ಇನ್ನೂ ಸಿಕ್ಕಿಲ್ಲ, ನೀನೇ ಹುಡುಕಿಕೊಡಬೇಕು ಎಂದು ಹೇಳಿ ಕಳುಹಿಸಿ.

ಪ್ರಶ್ನೆ: ಹುಟ್ಟುಹಬ್ಬದ ಮಗುವಿಗೆ ಎರಡು ವರ್ಷದ ತಮ್ಮನಿದ್ದಾನೆ. ಅಲಂಕಾರದಲ್ಲಿ ವಿಶೇಷ ಎಚ್ಚರಿಕೆ ಬೇಕೇ?
— ಅಜ್ಜಿ

ಉತ್ತರ: ಬೇಕು, ಮುಖ್ಯವಾಗಿ ಬಲೂನುಗಳ ಬಗ್ಗೆ. ಒಡೆದ ರಬ್ಬರ್ ಬಲೂನಿನ ಚೂರು ಗಂಟಲಿನ ಆಕಾರಕ್ಕೆ ಅಂಟಿಕೊಂಡು ಉಸಿರನ್ನು ಪೂರ್ತಿ ಮುಚ್ಚಬಲ್ಲದು. ಊದದ ಮತ್ತು ಒಡೆದ ಬಲೂನುಗಳನ್ನು ಎಂಟು ವರ್ಷದೊಳಗಿನ ಯಾವ ಮಗುವಿನ ಕೈಗೂ ಸಿಗದಂತೆ ಇಡಬೇಕೆಂಬ ಎಚ್ಚರಿಕೆ ಇರುವುದು ಇದೇ ಕಾರಣಕ್ಕೆ. ಬಲೂನಿನ ಬದಲು ರಟ್ಟಿನ ಪೆಟ್ಟಿಗೆಗಳಿಗೆ ಕಿಟಕಿ ಬರೆದು ನಗರದ ಕಟ್ಟಡಗಳನ್ನು ನಿಲ್ಲಿಸಿ, ಗೋಡೆಗೆ ಕಾಗದದ ನಕ್ಷತ್ರಗಳನ್ನು ಅಂಟಿಸಿ.

ಮಿನುಗುವ ಆಟಿಕೆಗಳೊಳಗಿನ ಗುಂಡಿಯಾಕಾರದ ಬ್ಯಾಟರಿಗಳು ಇನ್ನೂ ಅಪಾಯಕಾರಿ. ನುಂಗಿದ್ದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಒಳಗೆ ಸುಟ್ಟಗಾಯವಾಗುತ್ತದೆ. ನುಂಗಿರಬಹುದೆಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಅಂಥ ಆಟಿಕೆಗಳು ಈ ದಿನ ಮನೆಯೊಳಗೆ ಬರುವುದೇ ಬೇಡ. ಉಳಿದ ಚಿಕ್ಕ ವಸ್ತುಗಳಿಗೆ ಟಿಶ್ಯೂ ರೋಲಿನ ಕೊಳವೆಯೇ ಅಳತೆ. ಅದರೊಳಗೆ ತೂರಿ ಬೀಳುವ ಯಾವುದೂ ಎರಡು ವರ್ಷದ ಮಗುವಿನ ಕೈಗೆ ಎಟುಕಬಾರದು. ಮುಖವಾಡ ಹಾಕಿದ ದೊಡ್ಡವರನ್ನು ಕಂಡು ಈ ವಯಸ್ಸಿನವರು ಹೆದರುವುದುಂಟು, ಆದ್ದರಿಂದ ಯಾರೇ ಹಾಕಿಕೊಳ್ಳುವುದಿದ್ದರೂ ಮಗುವಿನ ಕಣ್ಣೆದುರೇ ಹಾಕಿ, ತೆಗೆದು, ಮತ್ತೆ ಹಾಕಿ ತೋರಿಸಲಿ. ತಮ್ಮನಿಗೂ ಒಂದು ಪುಟ್ಟ ಕೇಪು ಹೊಲಿದಿಡಿ, ಇಲ್ಲದಿದ್ದರೆ ಅಣ್ಣನದಕ್ಕೇ ಕೈ ಹಾಕುತ್ತಾನೆ.