ಕಾರಿನ ಮುಂದಿನ ಗ್ಲಾಸ್ ಒಡೆದಿದೆ: ಕ್ಲೇಮ್ ಮಾಡಬೇಕಾ, ಕೈಯಿಂದ ಕೊಡಬೇಕಾ?

ನಿಮ್ಮದು ನಾಲ್ಕು ವರ್ಷ ಹಳೆಯ ಹ್ಯಾಚ್‌ಬ್ಯಾಕ್. ಟಿಪ್ಪರ್‌ನಿಂದ ಜಲ್ಲಿ ಕಲ್ಲು ಹಾರಿ ಮುಂದಿನ ಗ್ಲಾಸ್ ಉದ್ದಕ್ಕೂ ಸೀಳಿದೆ. ಶೋರೂಮ್‌ನವರು 9,000 ರೂಪಾಯಿ ಅಂದಿದ್ದಾರೆ. ಇದುವರೆಗೆ ಒಂದೂ ಕ್ಲೇಮ್ ಮಾಡಿಲ್ಲ, ಈಗ ಮಾಡಬೇಕಾ, ರಿನ್ಯೂವಲ್‌ನಲ್ಲಿ ಗ್ಲಾಸಿಗೆ ಅಂತಲೇ ಬೇರೆ ಕವರ್ ತಗೋಬೇಕಾ ಅಂತ ಕೇಳಿದ್ದೀರಿ.

ಈ ಸಲ ಕೈಯಿಂದ ಕೊಟ್ಟುಬಿಡಿ. ಬೇರೆ ಗ್ಲಾಸ್ ಕವರ್ ಹುಡುಕುವ ತಲೆನೋವೂ ಬೇಡ. ಯಾಕೆ ಅಂತ ಹೇಳುತ್ತೇನೆ. ನಾನು ಕೆಲವು ವರ್ಷ ಒಂದು ವರ್ಕ್‌ಶಾಪಿನಲ್ಲಿ ಕ್ಲೇಮ್ ಫಾರ್ಮ್ ತುಂಬಿಸುವ ಕೆಲಸದಲ್ಲಿದ್ದೆ, ಈ ಪ್ರಶ್ನೆ ದಿನಾ ಬರುತ್ತಿತ್ತು.

ಮೊದಲು ಕವರ್ ವಿಷಯ. ಗೂಗಲ್ ಮಾಡಿದರೆ "ಗ್ಲಾಸ್ ಕವರೇಜ್" ಅಂತ ಬರುವುದು ಹೆಚ್ಚಾಗಿ ಅಮೆರಿಕದ ಕಥೆ. ಅಲ್ಲಿ ಡಿಡಕ್ಟಿಬಲ್ (ಕ್ಲೇಮ್ ಮಾಡಿದರೂ ನಾವೇ ಕೈಯಿಂದ ಹಾಕಬೇಕಾದ ಪಾಲು) ದೊಡ್ಡದು, ಗಾಜಿಗೆ ಮಾತ್ರ ಅದನ್ನು ಮನ್ನಾ ಮಾಡಲು ಬೇರೆ ದುಡ್ಡು ಕಟ್ಟುತ್ತಾರೆ. ಫ್ಲೋರಿಡಾ, ಕೆಂಟಕಿ, ಸೌತ್ ಕೆರೊಲಿನಾದಲ್ಲಂತೂ ಕಾಂಪ್ರಹೆನ್ಸಿವ್ ಕವರ್ ಇದ್ದವರಿಗೆ ಮುಂದಿನ ಗ್ಲಾಸಿಗೆ ಡಿಡಕ್ಟಿಬಲ್ ಹಾಕಬಾರದು ಅಂತ ಕಾನೂನೇ ಇದೆ. ನಮ್ಮಲ್ಲಿ ಲೆಕ್ಕ ಬೇರೆ. ನಿಮ್ಮದು ಬರೀ ಥರ್ಡ್ ಪಾರ್ಟಿ ಪಾಲಿಸಿ ಆಗಿದ್ದರೆ ಗ್ಲಾಸಿಗೆ ಒಂದು ಪೈಸೆಯೂ ಬರುವುದಿಲ್ಲ. ಫುಲ್ ಇನ್ಶೂರೆನ್ಸ್ ಆಗಿದ್ದರೆ ಗ್ಲಾಸ್ ಅದರಲ್ಲಿ ಸೇರಿಯೇ ಇದೆ. ಅಷ್ಟೇ ಅಲ್ಲ, ಗಾಜಿಗೆ ಸವಕಳಿ, ಅಂದರೆ ಸಾಮಾನು ಹಳತಾಯಿತು ಅಂತ ಹಿಡಿಯುವ ದುಡ್ಡು, ಕತ್ತರಿಸುವುದಿಲ್ಲ. ಪ್ಲಾಸ್ಟಿಕ್, ರಬ್ಬರ್ ಸಾಮಾನಿಗೆ ಅರ್ಧ ದುಡ್ಡು ಹಿಡಿಯುತ್ತಾರೆ, ಗ್ಲಾಸಿಗೆ ಸೊನ್ನೆ. ಆದ್ದರಿಂದ "ಜೀರೋ ಡೆಪ್ ತಗೊಳ್ಳಿ, ಗ್ಲಾಸ್ ಫುಲ್ ಬರುತ್ತೆ" ಅಂತ ಏಜೆಂಟ್ ಹೇಳಿದರೆ ಸುಮ್ನೆ ನಕ್ಕುಬಿಡಿ. ಜೀರೋ ಡೆಪ್ ಅಂದರೆ ಸವಕಳಿ ಕತ್ತರಿಸದಿರಲು ಬೇರೆ ದುಡ್ಡು ಕಟ್ಟಿ ತಗೊಳ್ಳುವ ಕವರ್, ಅದು ಬಂಪರ್‌ಗೆ ಬೇಕು. ಗ್ಲಾಸಿನ ಬಿಲ್ಲಿನಲ್ಲಿ ಅದರಿಂದ ಉಳಿಯುವುದು ಗ್ಲಾಸಿನ ಸುತ್ತ ಇರುವ ರಬ್ಬರ್ ಬೀಡಿಂಗಿನ ಅರ್ಧ ಬೆಲೆ.

ಹಾಗಾದರೆ ಕ್ಲೇಮ್ ಯಾಕೆ ಬೇಡ? ಎನ್‌ಸಿಬಿ. ನೋ ಕ್ಲೇಮ್ ಬೋನಸ್.

ಇದು ಓನ್ ಡ್ಯಾಮೇಜ್ ಪ್ರೀಮಿಯಂ (ನಿಮ್ಮ ಕಾರಿಗೇ ಆಗುವ ಹಾನಿಗೆ ಕಟ್ಟುವ ಕಂತು) ಮೇಲೆ ಮಾತ್ರ ಸಿಗುವ ರಿಯಾಯಿತಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20%, ಆಮೇಲೆ 25, 35, 45, ಕೊನೆಗೆ 50%. ಒಂದು ಕ್ಲೇಮ್ ಮಾಡಿದರೆ ಮೆಟ್ಟಿಲು ಇಳಿಯುವುದಲ್ಲ, ಸೀದಾ ಸೊನ್ನೆಗೆ ಬರುತ್ತೀರಿ. ಒಂಬತ್ತು ಸಾವಿರದ ಗ್ಲಾಸಿಗೂ ಅದೇ ಶಿಕ್ಷೆ, ಎರಡು ಲಕ್ಷದ ಆಕ್ಸಿಡೆಂಟಿಗೂ ಅದೇ.

ನಿಮ್ಮದೇ ಲೆಕ್ಕ ಹಾಕೋಣ. ಬೋನಸ್ ಕಳೆಯುವ ಮೊದಲು ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 8,000 ಅಂತಿಟ್ಟುಕೊಳ್ಳಿ. ನಿಜವಾದ ಅಂಕಿ ಪಾಲಿಸಿ ಶೆಡ್ಯೂಲ್‌ನಲ್ಲಿ ಇರುತ್ತದೆ, ನೋಡಿಕೊಳ್ಳಿ. ನಿಮ್ಮದು ನಾಲ್ಕನೇ ಪಾಲಿಸಿ ವರ್ಷ ಅಂತಿಟ್ಟುಕೊಂಡರೆ ಈಗ 35% ಇರಬೇಕು, ಮುಂದಿನ ರಿನ್ಯೂವಲ್‌ಗೆ 45% ಸಿಗಬೇಕಿತ್ತು. ಕ್ಲೇಮ್ ಮಾಡಿದರೆ ಸೊನ್ನೆ. ಅಂದರೆ ಮೊದಲ ವರ್ಷವೇ 3,600 ಜಾಸ್ತಿ. ಅದರ ಮುಂದಿನ ವರ್ಷ 50% ಇರಬೇಕಾದ ಕಡೆ 20% ಇರುತ್ತದೆ, 2,400 ಜಾಸ್ತಿ. ಆಮೇಲೆ 2,000, 1,200, 400. ಒಟ್ಟು 9,600 ರೂಪಾಯಿ. ಇದರ ಮೇಲೆ 18% ಜಿಎಸ್‌ಟಿ ಇದೆ. ಆದರೆ ಕಾರಿನ ಬೆಲೆ ಇಳಿದಂತೆ ಪ್ರೀಮಿಯಮ್ಮೂ ಇಳಿಯಬಹುದು. ಒಂದಕ್ಕೊಂದು ಸರಿಹೋಯಿತು ಅನ್ನೋಣ.

ಇನ್ನು ಕ್ಲೇಮ್‌ನಿಂದ ಬರುವುದೆಷ್ಟು? 9,000ದಲ್ಲಿ ಕಡ್ಡಾಯ ಡಿಡಕ್ಟಿಬಲ್ 1,000 ಹೋಗುತ್ತದೆ. 1500 ಸಿಸಿ ದಾಟಿದ ಎಂಜಿನ್ ಆದರೆ 2,000. ಬೀಡಿಂಗಿನ ಅರ್ಧ ನಿಮ್ಮದೇ. ಅಂಟು, ಕ್ಲಿಪ್ಪು ಅಂತ ಇನ್ನೊಂದಿಷ್ಟು ಕಡಿಯಬಹುದು. ಪ್ರೀಮಿಯಂ ಕಡಿಮೆ ಆಗಲಿ ಅಂತ ವಾಲಂಟರಿ ಡಿಡಕ್ಟಿಬಲ್ ಬೇರೆ ಒಪ್ಪಿಕೊಂಡಿದ್ದರೆ ಅದೂ ಹೋಗುತ್ತದೆ. ಕೈಗೆ ಬರುವುದು ಏಳೂವರೆ ಸಾವಿರದ ಹತ್ತಿರ. ಅಷ್ಟಕ್ಕೆ 9,600 ಕಳೆದುಕೊಳ್ಳುವುದು ಯಾವ ವ್ಯಾಪಾರ, ಅಲ್ವಾ?

ಇದರ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಮುಂದಿನ ವರ್ಷಗಳಲ್ಲೂ ನೀವು ಕ್ಲೇಮ್ ಮಾಡುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಸಿಟಿ ಟ್ರಾಫಿಕ್‌ನಲ್ಲಿ ವರ್ಷಕ್ಕೊಂದು ಸಲ ಬಂಪರ್ ಬಿಚ್ಚಿಕೊಂಡು ಬರುವವರಿಗೆ ಬೋನಸ್ ಹೇಗೂ ನಿಲ್ಲುವುದಿಲ್ಲ. ಅಂಥವರು ಗ್ಲಾಸನ್ನೂ ಕ್ಲೇಮ್ ಮಾಡಲಿ. ಈ ಪಾಲಿಸಿ ವರ್ಷದಲ್ಲಿ ಬೇರೇನಕ್ಕೋ ಕ್ಲೇಮ್ ಆಗಿಹೋಗಿದ್ದರೂ ಅಷ್ಟೇ, ಎನ್‌ಸಿಬಿ ಎರಡು ಸಲ ಹೋಗುವುದಿಲ್ಲ. ಹೊಸ ಕಾರು ತಗೊಂಡ ಮೊದಲ ವರ್ಷದಲ್ಲೇ ಒಡೆದರೆ ನಷ್ಟ ಕಡಿಮೆ: ಇದೇ ಲೆಕ್ಕದಲ್ಲಿ 4,000 ಮಾತ್ರ. ಆಗ ಕ್ಲೇಮ್ ಮಾಡುವುದೇ ಸರಿ. ಆದರೆ ಒಂದೆರಡು ವರ್ಷದಲ್ಲಿ ದೊಡ್ಡ ಕಾರಿಗೆ ಹೋಗುವ ಯೋಚನೆ ಇದ್ದರೆ ಎನ್‌ಸಿಬಿಯನ್ನು ಜೋಪಾನ ಮಾಡಿ. ಅದು ಕಾರಿನದಲ್ಲ, ನಿಮ್ಮದು. ಹಳೆ ಕಾರು ಮಾರಿ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಸರ್ಟಿಫಿಕೇಟ್ ತಗೊಂಡರೆ ಹೊಸ ಕಾರಿನ ಪ್ರೀಮಿಯಮ್ಮಿನಲ್ಲಿ ಕಳೆದುಕೊಡುತ್ತಾರೆ. 30,000ದ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ 50% ಅಂದರೆ 15,000. ಅದನ್ನು ಯಾವುದೋ ಗ್ಲಾಸಿಗೆ ಸುರಿಯಬೇಡಿ.

ನಾನು ದುಡ್ಡು ಹಾಕುವ ಆಡ್ ಆನ್ (ಪಾಲಿಸಿಯ ಮೇಲೆ ತಗೊಳ್ಳುವ ಹೆಚ್ಚುವರಿ ಕವರ್) ಒಂದಿದ್ದರೆ ಅದು ಎನ್‌ಸಿಬಿ ಪ್ರೊಟೆಕ್ಟ್. ಕ್ಲೇಮ್ ಮಾಡಿದರೂ ಬೋನಸ್ ಉಳಿಯುತ್ತದೆ, ಆದರೆ ಎಷ್ಟು ಕ್ಲೇಮ್‌ವರೆಗೆ ಅಂತ ಷರತ್ತು ಇರುತ್ತದೆ. 45-50% ತಲುಪಿದವರಿಗೆ, ಹೈವೇಯಲ್ಲಿ ಜಾಸ್ತಿ ಓಡಾಡುವವರಿಗೆ ಒಳ್ಳೆಯದು. ಗ್ಲಾಸ್ ಬದಲಿಸದೆ ಬರೀ ರಿಪೇರಿ ಮಾಡಿಸಿದರೆ ಎನ್‌ಸಿಬಿ ಮುಟ್ಟುವುದಿಲ್ಲ ಅನ್ನುವ ಪಾಲಿಸಿಗಳೂ ಇವೆ. ನಿಮ್ಮದರಲ್ಲಿ ಆ ಸಾಲು ಇದೆಯಾ ಹುಡುಕಿ.

ಹಾಗೆ ನೋಡಿದರೆ ರಿಪೇರಿಯೇ ಎಲ್ಲಕ್ಕಿಂತ ಅಗ್ಗ. ಮುಂದಿನ ಗ್ಲಾಸ್ ಅಂದರೆ ಎರಡು ಗಾಜಿನ ನಡುವೆ ಒಂದು ಪ್ಲಾಸ್ಟಿಕ್ ಪದರ. ಕಲ್ಲು ಬಿದ್ದಾಗ ಹೊರಗಿನ ಗಾಜಿಗೆ ಮಾತ್ರ ಚಿಕ್ಕ ಚುಕ್ಕಿ ಬಿದ್ದಿದ್ದರೆ ಅದರೊಳಗೆ ರೆಸಿನ್ ತುಂಬಿ ನಿಲ್ಲಿಸಬಹುದು. ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಚುಕ್ಕಿ ಬಿದ್ದ ಕೂಡಲೇ ಪಾರದರ್ಶಕ ಟೇಪ್ ಅಂಟಿಸಿ, ನೀರು ಧೂಳು ಹೋಗದ ಹಾಗೆ ನೋಡಿಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿಗೆ ಏಸಿಯನ್ನು ಫುಲ್ ಹಾಕಿ ಗ್ಲಾಸಿನ ಕಡೆ ತಿರುಗಿಸಬೇಡಿ, ಸೀಳು ಅಲ್ಲಿಂದಲೇ ಓಡುತ್ತದೆ. ನಿಮ್ಮದು ಉದ್ದಕ್ಕೂ ಸೀಳಿರುವುದರಿಂದ ಆ ದಾರಿ ಮುಚ್ಚಿದೆ.

ಶೋರೂಮ್‌ನವರು ಕ್ಲೇಮ್‌ಗೇ ಒತ್ತಾಯ ಮಾಡುತ್ತಾರೆ. ಕಾರಣ ಸರಳ: ಇನ್ಶೂರೆನ್ಸ್ ಬಿಲ್ಲಿಗೆ ಗಿರಾಕಿ ಚೌಕಾಸಿ ಮಾಡುವುದಿಲ್ಲ. ಕೈಯಿಂದ ಕೊಡುವುದಾದರೆ ಬರೀ ಗ್ಲಾಸ್ ಕೆಲಸ ಮಾಡುವ ಅಂಗಡಿಗಳಲ್ಲೂ ರೇಟ್ ಕೇಳಿ. ಬೆಂಗಳೂರಿನ ಜೆಸಿ ರೋಡ್‌ನಲ್ಲಿ ಇಂಥ ಅಂಗಡಿಗಳು ಸಿಗುತ್ತವೆ, ಬೇರೆ ಊರುಗಳಲ್ಲೂ ಇವೆ. ಗ್ಲಾಸಿನ ಮೂಲೆಯಲ್ಲಿ ಎಐಎಸ್ ಅಥವಾ ಸೇಂಟ್ ಗೋಬೇನ್ ಹೆಸರು, ಐಎಸ್‌ಐ ಗುರುತು ಇದೆಯಾ ನೋಡಿ. ಕಾರು ತಯಾರಿಸುವ ಕಂಪನಿಗಳಿಗೂ ಹೆಚ್ಚಾಗಿ ಗ್ಲಾಸ್ ಕೊಡುವವರು ಇವರೇ. ಹೆಸರೇ ಇಲ್ಲದ ಗ್ಲಾಸ್ ಎಷ್ಟು ಅಗ್ಗವಾದರೂ ಬೇಡ. ರಾತ್ರಿ ಎದುರಿನ ಲೈಟ್ ಬಿದ್ದಾಗ ಅಲೆ ಅಲೆಯಾಗಿ ಕಾಣಿಸಿದರೆ ಓಡಿಸುವವರಿಗೇ ಕಷ್ಟ.

ಇಷ್ಟೆಲ್ಲಾ ಹೇಳಿದ್ದು ಸಾದಾ ಗ್ಲಾಸಿಗೆ. ಮುಂದಿನ ಗ್ಲಾಸಿನ ಹಿಂದೆ ಕ್ಯಾಮೆರಾ ಇರುವ ಅಡಾಸ್ (ಓಡಿಸುವವರಿಗೆ ನೆರವಾಗುವ ವ್ಯವಸ್ಥೆ) ಕಾರು, ರೇನ್ ಸೆನ್ಸರ್, ಅಥವಾ ಜರ್ಮನ್ ಬ್ರ್ಯಾಂಡ್ ಆಗಿದ್ದರೆ ಉತ್ತರ ತಿರುಗುಮುರುಗು. ಅಲ್ಲಿ ಬಿಲ್ ಹಲವು ಪಟ್ಟು ಏರುತ್ತದೆ, ಕ್ಯಾಮೆರಾ ಇದ್ದರೆ ಗ್ಲಾಸ್ ಹಾಕಿದ ಮೇಲೆ ಅದನ್ನು ಮತ್ತೆ ಕ್ಯಾಲಿಬ್ರೇಟ್ (ಸರಿಯಾಗಿ ಹೊಂದಿಸುವುದು) ಮಾಡಿಸಬೇಕು. ಕಣ್ಣು ಮುಚ್ಚಿ ಕ್ಲೇಮ್ ಮಾಡಿ. ಆದರೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ಫೋಟೋ ಅಥವಾ ಸರ್ವೇ ಆಗುವ ಮೊದಲು ಗ್ಲಾಸ್ ಬಿಚ್ಚಿಸಬೇಡಿ. ಬಿಚ್ಚಿದ ಮೇಲೆ ಒಡೆದಿತ್ತು ಅಂತ ತೋರಿಸಲು ಏನಿರುತ್ತದೆ?

ಹಾಕಿಸಿದ ಮೇಲೆ ಅಂಟು ಒಣಗಲು ಬಿಡಿ. ಅವರು ಹೇಳಿದಷ್ಟು ಹೊತ್ತು ಕಾರು ತೆಗೆಯಬೇಡಿ, ಆ ದಿನ ವಾಟರ್ ವಾಶ್ ಬೇಡ, ಡೋರ್ ಹಾಕುವಾಗ ಕಿಟಕಿ ಸ್ವಲ್ಪ ಇಳಿಸಿರಲಿ. ಫಾಸ್ಟ್ಯಾಗ್ ಹಳೆ ಗ್ಲಾಸಿನ ಜೊತೆಗೇ ಹೋಗುತ್ತದೆ. ಕಿತ್ತರೆ ಹಾಳಾಗುವ ಹಾಗೇ ಅದನ್ನು ಮಾಡಿರುತ್ತಾರೆ. ಗ್ಲಾಸಿಗೆ ಅಂಟಿಸದೆ ಟೋಲ್‌ನಲ್ಲಿ ಕೈಯಲ್ಲಿ ಹಿಡಿದು ತೋರಿಸಿದರೆ ಬ್ಲ್ಯಾಕ್‌ಲಿಸ್ಟ್ ಮಾಡಬಹುದು. ಹಾಗಾಗಿ ಕೆಲಸಕ್ಕೆ ಬಿಡುವ ಮೊದಲೇ ಟ್ಯಾಗ್ ಕೊಟ್ಟ ಬ್ಯಾಂಕಿನ ಆ್ಯಪ್‌ನಲ್ಲಿ ರೀಪ್ಲೇಸ್‌ಮೆಂಟ್ ಕೇಳಿಡಿ, ಬ್ಯಾಲೆನ್ಸ್ ಅದೇ ಖಾತೆಯಲ್ಲಿ ಉಳಿಯುತ್ತದೆ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್) ಜೊತೆ ಗ್ಲಾಸಿನ ಒಳಗೆ ಅಂಟಿಸಿದ ಸ್ಟಿಕರ್ ಇದ್ದರೆ ಅದನ್ನೂ ಹೊಸದಾಗಿ ಮಾಡಿಸಬೇಕಾಗುತ್ತದೆ.