ಹೋಮದ ಮುಂದೆ ಬರುವ ಬೆವರು

ಪ್ರಶ್ನೆ: ಡಾಕ್ಟರೇ, ನನಗೆ 47 ವರ್ಷ, ಸಾಗರದ ಕಡೆಯವನು. ದೇವಸ್ಥಾನದಲ್ಲಿ ಅರ್ಚಕ, ಜೊತೆಗೆ ಪೌರೋಹಿತ್ಯ. ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್ 500 ದಿನಕ್ಕೆ ಎರಡು, ಬೆಳಿಗ್ಗೆ ಗ್ಲಿಮಿಪಿರೈಡ್ 1 ಮಿಲಿಗ್ರಾಂ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 7.6 ಬಂದಿದೆ. ನಾಲ್ಕಕ್ಕೆ ಏಳುತ್ತೇನೆ, ಪೂಜೆ ಮುಗಿಯುವವರೆಗೆ ಏನೂ ತಿನ್ನುವುದಿಲ್ಲ. ಗೃಹಪ್ರವೇಶ ಇದ್ದರೆ ಊಟ ಎರಡು ಗಂಟೆಗೆ. ಏಕಾದಶಿ ಉಪವಾಸವೂ ಉಂಟು. ಯಜಮಾನರೊಬ್ಬರು ಮಧುನಾಶಿನಿ ಕ್ಯಾಪ್ಸೂಲ್ ಮತ್ತು ಮೆಂತ್ಯದ ಪುಡಿ ತಂದುಕೊಟ್ಟು, ಶುದ್ಧ ಗಿಡಮೂಲಿಕೆ, ಇನ್ನು ಮಾತ್ರೆ ಬಿಡಿ ಅಂದಿದ್ದಾರೆ. ತಗೊಳ್ಳಬಹುದಾ? ಇತ್ತೀಚೆಗೆ ಹೋಮಕ್ಕೆ ಕೂತಾಗ ವಿಪರೀತ ಬೆವರು, ಕೈ ನಡುಕ. ಬೆಂಕಿಯ ಕಾವಿಗೆ ಇರಬಹುದು ಅಲ್ವಾ?

ಉತ್ತರ: ನಿಮ್ಮ ಕೊನೆಯ ಸಾಲು ಓದಿ ನನಗೆ ಭಯವಾಯಿತು, ಅಲ್ಲಿಂದಲೇ ಶುರು ಮಾಡುತ್ತೇನೆ. ಅದು ಬರೀ ಬೆಂಕಿಯ ಕಾವು ಅಂತ ಬಿಟ್ಟುಬಿಡಬೇಡಿ. ಸಕ್ಕರೆ ಕೆಳಗೆ ಇಳಿದರೂ ಹೀಗೇ ಆಗುತ್ತದೆ. ಬೆವರು, ನಡುಕ, ಎದೆ ಡವಡವ, ಮಂತ್ರ ತಪ್ಪಿದ ಹಾಗೆ ಮಂಕು. ಗ್ಲಿಮಿಪಿರೈಡ್ ನಿಮ್ಮ ದೇಹದಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ನೀವು ಉಂಡಿದ್ದೀರೋ ಇಲ್ಲವೋ ಅದು ನೋಡುವುದಿಲ್ಲ. ಅದಕ್ಕೇ ಅದನ್ನು ದಿನದ ಮೊದಲ ಊಟದ ಜೊತೆ ತಗೊಳ್ಳಿ ಅನ್ನುತ್ತೇವೆ. ನೀವು ಬೆಳಿಗ್ಗೆಯೇ ನುಂಗಿ, ಎರಡು ಗಂಟೆವರೆಗೆ ಖಾಲಿ ಹೊಟ್ಟೆಯಲ್ಲಿ ಕೂತರೆ ಸಕ್ಕರೆ ಇಳಿಯದೆ ಇನ್ನೇನಾಗುತ್ತದೆ?

ಒಂದು ಗ್ಲುಕೋಮೀಟರ್ ಚೀಲದಲ್ಲಿ ಇಟ್ಟುಕೊಳ್ಳಿ. ನಡುಕ ಬಂದಾಗ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ಮೊದಲು ಸಕ್ಕರೆ. ಸಂಕಲ್ಪ ಮಾಡಿ ಕೂತಿದ್ದೇನೆ, ಮಧ್ಯೆ ಹೇಗೆ ಅಂತ ನಿಮಗೆ ಅನಿಸಬಹುದು. ಆದರೆ ವ್ರತ ಕೆಡಿಸದ ಎಂಟು ವಸ್ತುಗಳ ಶ್ಲೋಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀರು, ಗೆಡ್ಡೆಗೆಣಸು, ಹಣ್ಣು, ಹಾಲು ಅದರಲ್ಲಿವೆ, ಔಷಧವೂ ಇದೆ. ದಿನವೂ ಬೆಳಿಗ್ಗೆ ಒಂದು ಲೋಟ ಸಪ್ಪೆ ಹಾಲು, ಒಂದು ಹಿಡಿ ಬಾದಾಮಿ ಅಥವಾ ಕಡಲೆಬೀಜ ತಿಂದು ಪೂಜೆಗೆ ಹೋಗಬಹುದೇ ಅಂತ ನಿಮ್ಮ ಗುರುಗಳನ್ನು ದಯವಿಟ್ಟು ಕೇಳಿ. ಆ ಮಾತ್ರೆಯನ್ನು ಯಾವ ಹೊತ್ತಿಗೆ ತಗೊಳ್ಳಬೇಕು, ಏಕಾದಶಿ ದಿನ ಏನು ಮಾಡಬೇಕು ಅನ್ನುವುದನ್ನು ನಿಮ್ಮ ಡಾಕ್ಟರ ಹತ್ತಿರ ಈ ವಾರವೇ ಮಾತಾಡಿ. ಖಾಲಿ ಹೊಟ್ಟೆಯಲ್ಲೂ ಸಕ್ಕರೆ ಹೀಗೆ ಇಳಿಸದ ಬೇರೆ ಮಾತ್ರೆಗಳಿವೆ. ನಿಮ್ಮ ದಿನಚರಿ ಗೊತ್ತಾದರೆ ತಾನೇ ಅವರು ಬದಲಾಯಿಸುವುದು!

ಈಗ ಮಧುನಾಶಿನಿ. ಅದರ ಎಲೆ ಜಗಿದ ಮೇಲೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿ ಗೊತ್ತಾಗುವುದಿಲ್ಲ, ಸಕ್ಕರೆ ಬಾಯಿಗೆ ಹಾಕಿದರೆ ಮರಳು ಜಗಿದ ಹಾಗಿರುತ್ತದೆ. ಅದು ಸುಮ್ನೆ ಬಂದ ಹೆಸರಲ್ಲ. ಸಕ್ಕರೆ ಇಳಿಸುವ ಗುಣವೂ ಇದೆ ಅನ್ನುತ್ತಾರೆ, ಅದಕ್ಕೇ ನಿಮಗೆ ಬೇಡ ಅನ್ನುತ್ತಿದ್ದೇನೆ. ಈಗಾಗಲೇ ಗ್ಲಿಮಿಪಿರೈಡ್ ಮೇಲೆ ಇರುವವರು ಇದನ್ನೂ ಸೇರಿಸಿದರೆ ಬೆವರು ಇನ್ನೂ ಜಾಸ್ತಿಯಾಗುತ್ತದೆ. ಇನ್ನು ಮಾತ್ರೆ ಬಿಟ್ಟು ಇದೊಂದನ್ನೇ ನಂಬಿದರೆ 7.6 ಮೇಲೆ ಹೋಗುತ್ತದೆ. ಡಬ್ಬದ ಮೇಲೆ ಲೈಸೆನ್ಸ್ ನಂಬರ್ ಇಲ್ಲದಿದ್ದರಂತೂ ಮುಟ್ಟಲೇಬೇಡಿ. ಅಮೆರಿಕದ ಬೋಸ್ಟನ್ ಸುತ್ತಮುತ್ತ ಮಾರುತ್ತಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಮೆಂತ್ಯ ತಗೊಳ್ಳಿ, ಅದಕ್ಕೆ ನನ್ನ ಒಪ್ಪಿಗೆ ಇದೆ. ರಾತ್ರಿ ಅರ್ಧ ಚಮಚ ನೆನೆಸಿಡಿ, ಹೊಟ್ಟೆ ಉಬ್ಬರ ಬರದಿದ್ದರೆ ಒಂದು ಚಮಚಕ್ಕೆ ಏರಿಸಿ. ಅದರ ನಾರು ಹೊಟ್ಟೆಯಲ್ಲಿ ಲೋಳೆಯಾಗಿ ಅನ್ನದ ಸಕ್ಕರೆ ನಿಧಾನಕ್ಕೆ ರಕ್ತಕ್ಕೆ ಇಳಿಯುವ ಹಾಗೆ ಮಾಡುತ್ತದೆ. ಹಾಗಾಗಿ ಊಟದ ಮುಂಚೆ ತಿನ್ನಿ, ಕಾಳನ್ನೂ ಜಗಿಯಿರಿ. ಮಾತ್ರೆಗೂ ಅದಕ್ಕೂ ಸ್ವಲ್ಪ ಅಂತರ ಇರಲಿ. ಮೀಟರ್ ನೋಡುತ್ತಾ ಇರಿ.

ಎಲೆಯ ಮುಂದೆ ಕೂತಾಗ ಕೋಸಂಬರಿ, ಪಲ್ಯ ಮೊದಲು ಮುಗಿಸಿ, ಎರಡನೇ ಸಲವೂ ಹಾಕಿಸಿಕೊಳ್ಳಿ. ಆಮೇಲೆ ಅನ್ನ. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯದಲ್ಲಿ ರವೆಯಷ್ಟೇ ಸಕ್ಕರೆ, ಅಷ್ಟೇ ತುಪ್ಪ. ಪ್ರಸಾದವನ್ನು ಬೇಡ ಅನ್ನಲಾಗುವುದಿಲ್ಲ, ನಿಜ. ಕಡಲೆಕಾಳಿನಷ್ಟು ಕಣ್ಣಿಗೊತ್ತಿ ಸ್ವೀಕರಿಸಿದರೂ ಪ್ರಸಾದವೇ. ಉಂಡ ಮೇಲೆ ಹದಿನೈದು ನಿಮಿಷ ದೇವಸ್ಥಾನದ ಹೊರಾಂಗಣದಲ್ಲಿ ಪ್ರದಕ್ಷಿಣೆ ಹಾಕಿ. ಗಂಟೆಗಟ್ಟಲೆ ಚಕ್ಕಳಮಕ್ಕಳ ಹಾಕಿ ಕೂತ ಕಾಲುಗಳಿಗೆ ಇದು ಬೇಕೇ ಬೇಕು.

ನಿಮಗೆ ನಿಜವಾಗಿ ಬೇಕಾಗಬಹುದಾದ ಸಪ್ಲಿಮೆಂಟ್ ಯಾರೂ ತಂದುಕೊಡದ ವಿಟಮಿನ್ ಬಿ12. ಮೆಟ್‌ಫಾರ್ಮಿನ್ ಅದನ್ನು ಇಳಿಸುತ್ತದೆ, ಸೊಪ್ಪು ತರಕಾರಿಯಲ್ಲಿ ಅದು ಇಲ್ಲ, ಮಾಂಸ ಮೊಟ್ಟೆ ತಿನ್ನದ ನಮಗೆ ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ. ಪಾದ ಉರಿ, ಜೋಮು ಇದ್ದರೆ ಸಕ್ಕರೆಯಿಂದ ಅಂತ ಸುಮ್ಮನಾಗಬೇಡಿ, ರಕ್ತದಲ್ಲಿ ಬಿ12 ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಾನು ಕರಾವಳಿಯ ಒಂದು ಚರ್ಚಿನಲ್ಲಿ ಧರ್ಮಗುರು, ವಯಸ್ಸು 52. ಎಚ್‌ಬಿಎ1ಸಿ 6.1. ಆರು ತಿಂಗಳಿಂದ ದಿನಾ ಎರಡು ಚಮಚ ದಾಲ್ಚಿನ್ನಿ ಪುಡಿ ಬಿಸಿನೀರಿಗೆ ಹಾಕಿ ಕುಡಿಯುತ್ತಿದ್ದೇನೆ. ಮುಂದುವರಿಸಲೇ?

ಉತ್ತರ: ಬೇಡ ಫಾದರ್, ನಿಲ್ಲಿಸಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ದಪ್ಪ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಅನ್ನುವ ಜಾತಿ. ಅದರಲ್ಲಿ ಕೂಮರಿನ್ ಅನ್ನುವ ರಾಸಾಯನಿಕ ಜಾಸ್ತಿ, ಅಷ್ಟು ದಿನ ಅಷ್ಟು ಪ್ರಮಾಣದಲ್ಲಿ ಹೋದರೆ ಲಿವರ್‌ಗೆ ತೊಂದರೆ ಆಗಬಹುದು. ಒಂದು ಲಿವರ್ ಪರೀಕ್ಷೆ ಮಾಡಿಸಿಬಿಡಿ. ಅಡುಗೆಗೆ ಹಾಕುವ ಚೂರಿಗೆ ಹೆದರಬೇಕಿಲ್ಲ.

6.1 ಅಂದರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿದೆ. 6.5ರಿಂದ ಕಾಯಿಲೆ. ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದೆಯಾ ನೋಡಿ. ನೀವು ಮನೆ ಭೇಟಿಗೆ ಹೋದಲ್ಲೆಲ್ಲ ಚಾ ಕೊಡುತ್ತಾರೆ. ದಿನಕ್ಕೆ ಎಂಟು ಮನೆ, ಲೋಟಕ್ಕೆ ಎರಡು ಚಮಚ ಅಂದರೆ ಹತ್ತಿರ ಹತ್ತಿರ 80 ಗ್ರಾಂ ಸಕ್ಕರೆ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೆದುರು ಹೇಳಿಬಿಡಿ, ಇನ್ನು ಮೇಲೆ ನನಗೆ ಸಕ್ಕರೆ ಹಾಕದ ಚಾ ಕೊಡಿ ಅಂತ. ಮನೆಮನೆಯಲ್ಲಿ ಬೇರೆ ಬೇರೆ ವಿವರಿಸುವ ಕಷ್ಟ ತಪ್ಪುತ್ತದೆ. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ನನಗೆ ಬರೆಯಿರಿ.