ಸಂಪಾದಕರ ಉತ್ತರ: ಫೋರ್ಬ್ಸ್ ಫೀಲ್ಡ್‌ನ ಕೊನೆಯ ಎರಡು ಇನ್ನಿಂಗ್ಸ್

ಮಾನ್ಯರೆ,

ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಪ್ರಶಸ್ತಿ ಸಿಗುವ ಅಮೆರಿಕದ ಬೇಸ್‌ಬಾಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ 1960ರ ಏಳನೆಯ, ನಿರ್ಣಾಯಕ ಪಂದ್ಯವನ್ನು (ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್ ಮೈದಾನದಲ್ಲಿ ನಡೆದದ್ದು) ಕುರಿತ ನಮ್ಮ ಲೇಖನವನ್ನು ಓದಿ, ಸರಣಿಯಲ್ಲಿ ಒಟ್ಟು 55 ರನ್ ಗಳಿಸಿದ ನ್ಯೂಯಾರ್ಕ್ ಯಾಂಕೀಸ್ ತಂಡವು 27 ರನ್ ಗಳಿಸಿದ ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಸೋತದ್ದು ಬರಿಯ ಅದೃಷ್ಟದಿಂದಲ್ಲವೇ ಎಂದು ಕೇಳಿದ್ದೀರಿ. ಯಾಂಕೀಸ್ ತನ್ನ ಮೂರು ಪಂದ್ಯಗಳನ್ನು 16-3, 10-0 ಮತ್ತು 12-0ರಿಂದ ಗೆದ್ದಿತ್ತಾದ್ದರಿಂದ ಈ ಸಂಶಯ ಸಹಜವೇ. ಆದರೆ ಇಂದು ಮಿಕ್ಕ ರನ್ನುಗಳನ್ನು ನಾಳೆಯ ಪಂದ್ಯಕ್ಕೆ ಕಟ್ಟಿಕೊಂಡು ಹೋಗಲು ಬರುವುದಿಲ್ಲ.

ಅಕ್ಟೋಬರ್ 13ರಂದು ಎಂಟನೆಯ ಇನ್ನಿಂಗ್ಸ್‌ನಲ್ಲಿ ಪೈರೇಟ್ಸ್ ಬ್ಯಾಟಿಂಗ್‌ಗೆ ಬಂದಾಗ ಯಾಂಕೀಸ್ 7-4ರಿಂದ ಮುಂದಿತ್ತು. ಬಿಲ್ ವರ್ಡನ್ ನೆಲಕ್ಕೆ ಹೊಡೆದ ಚೆಂಡು ಎದ್ದು ಪುಟಿದು ಯಾಂಕೀಸ್‌ನ ಕ್ಷೇತ್ರರಕ್ಷಕ ಟೋನಿ ಕ್ಯೂಬೆಕ್ ಅವರ ಗಂಟಲಿಗೆ ಬಡಿಯಿತು. ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ಆಗಬಹುದಾಗಿದ್ದ ಹೊಡೆತಕ್ಕೆ ಇಬ್ಬರೂ ಓಟಗಾರರು ಉಳಿದುಕೊಂಡರು. ಇಷ್ಟನ್ನು ಅದೃಷ್ಟವೆಂದು ಒಪ್ಪುತ್ತೇನೆ. ಆದರೆ ಇಬ್ಬರು ಔಟಾದ ಮೇಲೆ ರಾಬರ್ಟೊ ಕ್ಲೆಮೆಂಟೆ ಫಸ್ಟ್ ಬೇಸ್‌ನತ್ತ (ಓಟಗಾರ ಮೊದಲು ತಲುಪಬೇಕಾದ ನೆಲೆ) ಹೊಡೆದ ಸಾಧಾರಣ ಚೆಂಡಿಗೆ ಯಾಂಕೀಸ್‌ನ ಪಿಚರ್ (ಚೆಂಡೆಸೆಯುವವರು) ಜಿಮ್ ಕೋಟ್ಸ್ ಸಮಯಕ್ಕೆ ಬೇಸ್ ತಲುಪದೆಹೋದದ್ದು ಲೋಪ, ಮತ್ತು ಕ್ಲೆಮೆಂಟೆ ಪೂರ್ಣ ವೇಗದಲ್ಲಿ ಓಡಿದ್ದರಿಂದಲೇ ಅದು ಲೋಪವಾಗಿ ಕಂಡಿತು. ಅಷ್ಟರಲ್ಲಿ ಅಂತರ 7-6ಕ್ಕೆ ಇಳಿದಿತ್ತು; ಮರುಕ್ಷಣವೇ ಎಂಬಂತೆ ಹ್ಯಾಲ್ ಸ್ಮಿತ್ ಮೂರು ರನ್‌ಗಳ ಹೋಮ್ ರನ್ (ಚೆಂಡನ್ನು ಮೈದಾನದ ಗೋಡೆಯಾಚೆ ಅಟ್ಟುವ ಹೊಡೆತ) ಬಾರಿಸಿ ಪೈರೇಟ್ಸ್ ಪರವಾಗಿ 9-7 ಮಾಡಿದರು.

ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಯಾಂಕೀಸ್‌ನ ಮಿಕಿ ಮ್ಯಾಂಟಲ್ ಮಾಡಿದ್ದನ್ನು ನಾವು ಲೇಖನದಲ್ಲಿ ಒಂದೇ ಸಾಲಿಗೆ ಮುಗಿಸಿದ್ದು ತಪ್ಪಾಯಿತು. ಅಂಕ 9-8 ಆಗಿ, ಒಬ್ಬರು ಔಟಾಗಿದ್ದಾಗ, ಯಾಂಕೀಸ್‌ನ ಯೋಗಿ ಬೆರಾ ಹೊಡೆದ ಚೆಂಡನ್ನು ಪೈರೇಟ್ಸ್‌ನ ರಾಕಿ ನೆಲ್ಸನ್ ಹಿಡಿದು ಫಸ್ಟ್ ಬೇಸ್ ಮುಟ್ಟಿ ಬೆರಾರನ್ನು ಔಟ್ ಮಾಡಿದರು. ಫಸ್ಟ್ ಬೇಸ್‌ನ ಓಟಗಾರನಾಗಿ ಅಲ್ಲೇ ಎದುರಿಗಿದ್ದ ಮ್ಯಾಂಟಲ್ ಸೆಕೆಂಡ್ ಬೇಸ್‌ಗೆ ಓಡುವ ಬದಲು ನೆಲ್ಸನ್ ಅವರ ಕೈಗೆ ಸಿಗದಂತೆ ಹಿಂದಕ್ಕೇ ಧುಮುಕಿ ಬೇಸ್ ಹಿಡಿದರು. ಅಷ್ಟರಲ್ಲಿ ಥರ್ಡ್ ಬೇಸ್‌ನಲ್ಲಿದ್ದ ಗಿಲ್ ಮೆಕ್‌ಡೂಗಲ್ಡ್ ಓಡಿ ಹೋಮ್ ಬೇಸ್ ಮುಟ್ಟಿ 9-9 ಆಯಿತು. ಆ ರನ್ನಿಗೆ ಮೊದಲೇ ಮ್ಯಾಂಟಲ್ ಸಿಕ್ಕಿಬಿದ್ದಿದ್ದರೆ, ಮೂರನೆಯ ಔಟಾಗಿ ಪಂದ್ಯ ಅಲ್ಲಿಗೇ ಮುಗಿದು, ಪೈರೇಟ್ಸ್‌ನ ಬಿಲ್ ಮ್ಯಾಜರಾಸ್ಕಿ ಬ್ಯಾಟ್ ಹಿಡಿಯುವ ಪ್ರಸಂಗವೇ ಬರುತ್ತಿರಲಿಲ್ಲ.

ಅದೇ ಇನ್ನಿಂಗ್ಸ್‌ನಲ್ಲಿ ಯಾಂಕೀಸ್‌ನ ರಾಲ್ಫ್ ಟೆರಿ ಎಸೆದ ಎರಡನೆಯ ಚೆಂಡನ್ನು ಮ್ಯಾಜರಾಸ್ಕಿ ಎಡಗೋಡೆಯಾಚೆಗೆ ಅಟ್ಟಿ 10-9 ಮಾಡಿದ್ದು ಎಲ್ಲರಿಗೂ ಗೊತ್ತು. ಪೈರೇಟ್ಸ್‌ನ ಪಾಲುದಾರರಾಗಿದ್ದ ಗಾಯಕ ಬಿಂಗ್ ಕ್ರಾಸ್ಬಿ ಆತಂಕ ತಾಳಲಾರದೆ ಪ್ಯಾರಿಸ್‌ಗೆ ಹೋಗಿ, ಪಂದ್ಯವನ್ನು ಚಿತ್ರೀಕರಿಸಿ ಇಡುವಂತೆ ಹೇಳಿದ್ದರು. ಆ ಸುರುಳಿಗಳು 2009ರಲ್ಲಿ ಅವರ ಮನೆಯ ವೈನ್ ನೆಲಮಾಳಿಗೆಯಲ್ಲಿ ಸಿಕ್ಕವು. ಅದನ್ನು ನೋಡುವ ಅವಕಾಶ ಸಿಕ್ಕರೆ, ಹೋಮ್ ರನ್‌ಗೂ ಮೊದಲು ಮ್ಯಾಂಟಲ್ ಬೇಸ್‌ಗೆ ಮರಳಿ ಬೀಳುವ ಗಳಿಗೆಯನ್ನು ನಿಲ್ಲಿಸಿ ನೋಡಬೇಕೆಂದು ನನ್ನ ಬಿನ್ನಹ.

— ಸಂಪಾದಕ